ನರ ಸತ್ತಿದೆಯೇ?

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಸೀಮೆಯಲ್ಲಿ ಲಕ್ವ ಹೊಡೆದವರು ಪಾದ ಎಳೆದು ನಡೆದರೆ, ನೋಡಿದವರು ‘ಕಾಲಿನ ನರ ಸತ್ತೈತಿ’ ಎನ್ನುತ್ತಾರೆ.

ನರ ಅಪ್ಪಟ ದ್ರಾವಿಡ ಪದ. ಮನುಷ್ಯ ಎಂಬರ್ಥದ ಸಂಸ್ಕೃತದ ನರನಿಗೂ ಇದಕ್ಕೂ ನಂಟಿಲ್ಲ; ತಮಿಳಿನ ನರಂಬು, ತೆಲುಗಿನ ನರಮು ಇದರ ಒಡಹುಟ್ಟುಗಳು. ಮೈಯೊಳಗೆ ಎಳೆಯಾಗಿ ಹರಿದದ್ದೆಲ್ಲ ನರವೇ: ಹಿಮ್ಮಡಿಯ ಮೇಲಿನ ಬಿಗಿಯಾದ ಸ್ನಾಯುರಜ್ಜು, ನರ್ಸಮ್ಮ ಸೂಜಿ ಚುಚ್ಚಲು ಹುಡುಕುವ ರಕ್ತನಾಳ, ಎರಡೂ. ತಮಿಳಿನಲ್ಲಿ ಯಾಳ್ ವಾದ್ಯದ ತಂತಿಯೂ ನರಂಬು. ಗ್ರೀಕರ ನ್ಯೂರಾನ್ ಕೂಡ ಮೊದಲು ಸ್ನಾಯುರಜ್ಜು, ಬಿಲ್ಲಿನ ಹೆದೆ. ಕನ್ನಡದ ನರಕ್ಕೆ ಶಕ್ತಿಯೆಂಬ ಅರ್ಥವೂ ಸೇರಿಕೊಂಡು ಕೈಲಾಗದವನು ‘ನರಸತ್ತವ’ನಾದ. ವಿಜ್ಞಾನಕ್ಕೆ ನರವೆಂದರೆ ಮಿದುಳಿನ ಸಂದೇಶವನ್ನು ಸ್ನಾಯುವಿಗೆ ಒಯ್ಯುವ ಎಳೆ; ಅದು ವಿದ್ಯುತ್ತಿಗೂ ಓಗೊಡುತ್ತದೆ. 1791ರಲ್ಲಿ ಇಟಲಿಯ ವಿಜ್ಞಾನಿ ಗಾಲ್ವಾನಿ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಬರೆದು ಪ್ರಕಟಿಸಿದ. ಬೆಂಗಳೂರಿನ ನಿಮ್ಹಾನ್ಸ್‌ನ ಕನ್ನಡ ಹೆಸರಿನ ‘ನರವಿಜ್ಞಾನ’ದಲ್ಲಿರುವುದು ಆ ಸಂದೇಶ ಒಯ್ಯುವ ನರ ಮಾತ್ರ. ಆಡುಮಾತು ಇನ್ನೂ ರಜ್ಜು, ರಕ್ತನಾಳ, ನರ ಮೂರನ್ನೂ ಬಿಟ್ಟಿಲ್ಲ.

ಲಕ್ವದಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ಮೊಣಕಾಲಿನ ಹೊರಮಗ್ಗುಲಲ್ಲಿ, ಚರ್ಮದ ಕೆಳಗೇ ಎಲುಬನ್ನು ಬಳಸಿ ಇಳಿಯುವ ನರ ಸತ್ತಿಲ್ಲ. ಅದಕ್ಕೆ ಮೇಲಿನಿಂದ ಅಪ್ಪಣೆ ಬರುತ್ತಿಲ್ಲ, ಅಷ್ಟೆ. ವೈದ್ಯ ವ್ಲಾಡಿಮಿರ್ ಲೀಬರ್ಸನ್ ಮತ್ತು ಸಂಗಡಿಗರು 1961ರಲ್ಲಿ ವಿವರಿಸಿದ, ಪಾದ ಎತ್ತುವ ಉಪಕರಣ ನಿಂತಿರುವುದು ಈ ನರ ಬದುಕಿರುವುದರ ಮೇಲೆಯೇ. ಮೊಣಕಾಲಿನ ಕೆಳಗೆ ಪಟ್ಟಿ, ಅದರೊಳಗೆ ಚರ್ಮಕ್ಕೆ ತಾಗುವ ಎರಡು ಬಿಲ್ಲೆ, ಚಪ್ಪಲಿಯ ಹಿಮ್ಮಡಿಯಲ್ಲೊಂದು ಸ್ವಿಚ್ಚು. ಹಿಮ್ಮಡಿ ಮೇಲೆದ್ದೊಡನೆ ಸಣ್ಣ ಕರೆಂಟು ಜುಮ್ಮೆನ್ನುತ್ತದೆ, ಪಾದ ಮೇಲೇಳುತ್ತದೆ. ಹಿಮ್ಮಡಿ ನೆಲಕ್ಕೂರಿದರೆ ನಿಲ್ಲುತ್ತದೆ. ಚಪ್ಪಲಿಯ ಸ್ವಿಚ್ಚಿಲ್ಲದೆ, ಕಾಲಿನ ಓರೆಯನ್ನು ಅಳೆದು ಕೆಲಸ ಮಾಡುವ ಮಾದರಿಗಳೂ ಬಂದಿವೆ. ಮನೆಯೊಳಗೆ, ಕಣದಲ್ಲಿ ಬರಿಗಾಲಲ್ಲಿ ಓಡಾಡುವ ನಮ್ಮ ಜನಕ್ಕೆ ಹೊಂದುವುದು ಅದೇ.

ಕುಷ್ಠದಿಂದಲೋ ಗಾಯದಿಂದಲೋ ಮೊಣಕಾಲಿನ ಬಳಿಯ ನರವೇ ಪೂರ್ತಿ ಹಾಳಾಗಿದ್ದರೆ ಈ ಉಪಕರಣದಿಂದ ಪಾದ ಏಳದು. ಅಲ್ಲಿ ಪಾದವನ್ನು ಎತ್ತಿಹಿಡಿಯುವ ಪ್ಲಾಸ್ಟಿಕ್ ಪಟ್ಟಿ ಬೇಕು, ಇಲ್ಲವೆ ಕೆಲಸ ಮಾಡುತ್ತಿರುವ ಸ್ನಾಯುವಿನ ರಜ್ಜುವನ್ನು ಪಾದದ ಮೇಲ್ಭಾಗಕ್ಕೆ ತಿರುಗಿಸಿ ಹೊಲಿಯುವ ಶಸ್ತ್ರಚಿಕಿತ್ಸೆ. ಹಳ್ಳಿಯ ಮಾತಿನಲ್ಲಿ ಆ ರಜ್ಜುವೂ ನರವೇ.

ಆದ್ದರಿಂದ ‘ನರ ಸತ್ತೈತಿ’ ಎಂದು ಕೈಚೆಲ್ಲಿ ಕೂರಬೇಡಿ. ದಾವಣಗೆರೆಗೋ ಬೆಂಗಳೂರಿಗೋ ಹೋದಾಗ, ಪೆಟ್ಟು ಮಿದುಳಿಗೋ ಮೊಣಕಾಲಿನ ನರಕ್ಕೋ ಎಂದು ವೈದ್ಯರನ್ನು ಕೇಳಿ. ಇದು ಕರೆಂಟಿನ ಉಪಕರಣವಾದ್ದರಿಂದ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದನ್ನು ಮೊದಲೇ ಹೇಳಿ.