ಬಿದರಿಯ ಕಪ್ಪು ಮತ್ತು ವಿದ್ಯುದ್ವಾರ ವಿಭವದ ಇತಿಹಾಸ

ಪುಣೆಯ ಸದಾಶಿವ ಪೇಠೆಯಲ್ಲಿರುವ ಭಾರತ ಇತಿಹಾಸ ಸಂಶೋಧಕ ಮಂಡಳವು 1910ರಲ್ಲಿ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲೊಬ್ಬರಾದ ವಿ. ಕಾ. ರಾಜವಾಡೆಯವರು 1898ರಿಂದಲೇ ಮರಾಠರ ಇತಿಹಾಸದ ಮೂಲ ಕಾಗದಪತ್ರಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದ್ದರು. ಆಧಾರವಿಲ್ಲದ ಮಾತು ಇತಿಹಾಸವಾಗಲಾರದೆಂಬುದು ಆ ಪರಂಪರೆಯ ಪಾಠ. ವಿಜ್ಞಾನದ ಇತಿಹಾಸಕ್ಕೂ ಈ ನಿಯಮ ಸಲ್ಲತಕ್ಕದ್ದೇ. ಕನ್ನಡ ನಾಡಿನ ಬಿದರಿ ಕೆಲಸವನ್ನು ಕಂಡು, ವಿದ್ಯುದ್ರಸಾಯನವು ನಮ್ಮ ಹಿರಿಯರಿಗೆ ತಿಳಿದೇ ಇತ್ತೆಂದು ಹೆಮ್ಮೆಪಡುವ ಮುನ್ನ, ಅವರು ಅರಿತಿದ್ದುದೇನು, ಅರಿಯದಿದ್ದುದೇನು ಎಂಬುದನ್ನು ವಿಂಗಡಿಸಿ ನೋಡುವುದು ನ್ಯಾಯ.

ಬಿದರಿಯ ಲೋಹದಲ್ಲಿ ಸುಮಾರು ಹದಿನಾರು ಪಾಲು ಸತು, ಒಂದು ಪಾಲು ತಾಮ್ರ. ಎರಕ ಹೊಯ್ದ ಪಾತ್ರೆಯನ್ನು ಅರದಿಂದ ನುಣುಪುಗೊಳಿಸಿ ಅದಕ್ಕೆ ಮೈಲುತುತ್ತದ ನೀರನ್ನು ಸವರುತ್ತಾರೆ. ಮೈ ತಾತ್ಕಾಲಿಕವಾಗಿ ಕಪ್ಪಾಗುವುದರಿಂದ ಉಳಿಯ ಗೀಟುಗಳು ಎದ್ದು ಕಾಣುತ್ತವೆ. ಕೊರೆದ ಕಡೆ ಬೆಳ್ಳಿಯನ್ನು ಕೂರಿಸಿ, ಮತ್ತೆ ಉಜ್ಜಿ, ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಬೆರೆಸಿ ಹಚ್ಚುತ್ತಾರೆ. ಲೋಹವು ಸ್ಥಿರವಾಗಿ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳಗುತ್ತದೆ.

ಮೈಲುತುತ್ತ ಸವರಿದಾಗ ಸತು ಕರಗುತ್ತದೆ, ದ್ರವದಲ್ಲಿನ ತಾಮ್ರ ಹೊರಬಂದು ಕೂರುತ್ತದೆ. 1836ರಲ್ಲಿ ಲಂಡನ್ನಿನ ಜಾನ್ ಡೇನಿಯಲ್ ರಚಿಸಿದ ವಿದ್ಯುತ್ಕೋಶದಲ್ಲಿ ನಡೆಯುವುದೂ ಇದೇ ಕ್ರಿಯೆ. ಭೇದವಿರುವುದು ಏರ್ಪಾಟಿನಲ್ಲಿ. ಬಿದರಿಯ ಮೈಮೇಲೆ ಸತುವೂ ತಾಮ್ರವೂ ಒಂದೆಡೆಯೇ ಕೂಡುವುದರಿಂದ ಶಕ್ತಿಯೆಲ್ಲ ಶಾಖವಾಗಿ ಕಳೆದುಹೋಗುತ್ತದೆ. ಡೇನಿಯಲ್ ಅವೆರಡನ್ನು ಬೇರ್ಪಡಿಸಿ, ಎಲೆಕ್ಟ್ರಾನುಗಳು ತಂತಿಯ ಮೂಲಕವೇ ಸಾಗಬೇಕಾದಂತೆ ಮಾಡಿದನು. ಆಗಲೇ ಅಳತೆಗೆ ಎಡೆಯಾಯಿತು: ಸುಮಾರು 1.10 ವೋಲ್ಟ್.

ಈ ಸಂಖ್ಯೆಯ ಮೂಲ ಯಾವುದು? ಕ್ರಿಯೆಯ ಶಾಖವೆಲ್ಲವೂ ವಿದ್ಯುತ್ತಾಗುತ್ತದೆಂದು 1851ರಲ್ಲಿ ವಿಲಿಯಂ ಥಾಮ್ಸನ್ ಲೆಕ್ಕ ಹಾಕಿದನು. ಡೇನಿಯಲ್ ಕೋಶದಲ್ಲಿ ಆ ಲೆಕ್ಕ ಬಹುಮಟ್ಟಿಗೆ ಸರಿಹೋಯಿತು; ಇತರ ಕೋಶಗಳಲ್ಲಿ ತಪ್ಪಿತು. ಕೆಲವು ಕೋಶಗಳು ಸುತ್ತಲಿನ ಶಾಖವನ್ನು ಹೀರಿ, ಕ್ರಿಯೆಯ ಶಾಖಕ್ಕಿಂತ ಹೆಚ್ಚಿನ ಕೆಲಸವನ್ನೇ ಕೊಡುತ್ತವೆ. ಅಮೆರಿಕದ ಗಿಬ್ಸ್ 1875-78ರ ಪ್ರಬಂಧದಲ್ಲಿಯೂ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1882ರಲ್ಲಿಯೂ ಈ ತೊಡಕನ್ನು ಬಿಡಿಸಿದರು. ವಿಭವವು ಒಟ್ಟು ಶಾಖದ ಅಳತೆಯಲ್ಲ. ಕೆಲಸಕ್ಕೆ ಒದಗಬಲ್ಲ ಮುಕ್ತಶಕ್ತಿಯ ಅಳತೆ. ಒಂದು ಮೋಲ್ ಸತು ಕರಗುವಾಗಿನ ಕ್ರಿಯಾಶಾಖ ಸುಮಾರು 219 ಕಿಲೋಜೂಲ್. 1.10 ವೋಲ್ಟನ್ನು ಸಾಗಿದ ವಿದ್ಯುದಾವೇಶದಿಂದ, ಅಂದರೆ 96,485 ಕೂಲಂಬಿನ ಇಮ್ಮಡಿಯಿಂದ, ಗುಣಿಸಿದರೆ ಬರುವುದು ಸುಮಾರು 212. ಉಳಿದ ಅಲ್ಪಾಂಶವು ಎಂಟ್ರೊಪಿಯ ತೆರಿಗೆಯಾಗಿ ಶಾಖರೂಪದಲ್ಲಿ ಹೊರಗೆ ಸಲ್ಲುತ್ತದೆ.

ದ್ರವದ ಸಾಂದ್ರತೆಯಿಂದ ವಿಭವ ಬದಲಾಗುವ ಬಗೆಯನ್ನು 1889ರಲ್ಲಿ ನರ್ನ್‌ಸ್ಟ್ ಸೂತ್ರೀಕರಿಸಿದನು. ಒಂಟಿ ವಿದ್ಯುದ್ವಾರದ ವಿಭವವನ್ನು ಪ್ರತ್ಯೇಕವಾಗಿ ಅಳೆಯಲಾಗದು; ಆದುದರಿಂದ ಜಲಜನಕದ ವಿದ್ಯುದ್ವಾರವನ್ನು ಸೊನ್ನೆಯೆಂದು ಇಟ್ಟುಕೊಳ್ಳುತ್ತಾರೆ. ಆ ಮಾನದಲ್ಲಿ ಸತುವಿಗೆ -0.76, ತಾಮ್ರಕ್ಕೆ +0.34, ಬೆಳ್ಳಿಗೆ +0.80 ವೋಲ್ಟ್. ಸತು ಮೊದಲು ಕರಗುವುದೂ, ಮೈಯಲ್ಲಿ ತಾಮ್ರಾಂಶ ಹೆಚ್ಚುವುದೂ, ಬೆಳ್ಳಿ ಹಾಗೆಯೇ ಉಳಿಯುವುದೂ ಈ ಅನುಕ್ರಮಕ್ಕೆ ಒಪ್ಪುತ್ತವೆ. ಆದರೆ ಇವು ನಿಯತ ಸಾಂದ್ರತೆಯ, 25 ಡಿಗ್ರಿ ಉಷ್ಣತೆಯ ಬೆಲೆಗಳು. ಕೋಟೆಯ ಮಣ್ಣಿಗೆ ನೇರವಾಗಿ ಹೊಂದುವುದಿಲ್ಲ. ಮೇಲಾಗಿ ಅವು ಕ್ರಿಯೆಯ ದಿಕ್ಕನ್ನು ಹೇಳುತ್ತವೆ, ವೇಗವನ್ನು ಹೇಳುವುದಿಲ್ಲ. ಕಪ್ಪು ಯಾವ ಗಳಿಗೆಯಲ್ಲಿ ಹದಕ್ಕೆ ಬಂದಿತೆಂಬುದನ್ನು ಇಂದಿಗೂ ಕುಶಲಿಯ ಕಣ್ಣೇ ನಿರ್ಣಯಿಸುತ್ತದೆ.

ಬೀದರದ ಕುಶಲಿಗಳು ಲೋಹಗಳ ಅನುಕ್ರಮವನ್ನು ಕೈಯಿಂದ ಅರಿತಿದ್ದರು; ಅದರ ಮಾನವನ್ನೂ ಕಾರಣವನ್ನೂ ಅರಿತಿರಲಿಲ್ಲ. ಹೀಗೆನ್ನುವುದು ಅವರಿಗೆ ಅಗೌರವವಲ್ಲ. ಇಲ್ಲದ ಸೂತ್ರವನ್ನು ಅವರಿಗೆ ಆರೋಪಿಸಿದರೆ, ಅವರಲ್ಲಿದ್ದ ನಿಜವಾದ ವಿದ್ಯೆಯೇ ಕಣ್ಮರೆಯಾಗುತ್ತದೆ.