ಇಮಾಮ್ ಶಾಶಿಯವರ ಊರು ತಾಷ್ಕೆಂಟ್

ತಾಷ್ಕೆಂಟ್ ಎಂದಾಗ ನಮ್ಮ ಹಿರಿಯರಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನೆನಪಾಗುತ್ತಾರೆ. 1966ರ ಜನವರಿ 10ರಂದು ಪಾಕಿಸ್ತಾನದೊಂದಿಗೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಅವರು ಮರುದಿನ ಬೆಳಗಾಗುವ ಮೊದಲೇ ಅಲ್ಲಿ ನಿಧನರಾದರು. ಆದರೆ ಉಝ್ಬೇಕಿಸ್ತಾನದ ಈ ರಾಜಧಾನಿಯೊಂದಿಗೆ ನಮಗೆ ಇನ್ನೂ ಹಳೆಯ ನಂಟಿದೆ.

ಅರಬರು ಈ ಪ್ರದೇಶವನ್ನು ‘ಶಾಶ್’ ಎಂದು ಕರೆಯುತ್ತಿದ್ದರು. ಹಿಜ್ರಿ ನಾಲ್ಕನೇ ಶತಮಾನದ ಮಹಾನ್ ವಿದ್ವಾಂಸ ಇಮಾಮ್ ಅಬೂಬಕರ್ ಅಲ್ ಖಫ್ಫಾಲ್ ಅಶ್ಶಾಶಿ(ರ) ಇಲ್ಲಿಯವರು. ವಿದ್ಯೆಗಾಗಿ ಇರಾಕ್, ಹಿಜಾಝ್, ಶಾಮ್‌ವರೆಗೂ ಸಂಚರಿಸಿ, ಮರಳಿ ಬಂದು ತಮ್ಮ ನಾಡಿನಲ್ಲಿ ಶಾಫಿಈ ಮದ್‌ಹಬನ್ನು ಹರಡಿದರು. ನಮ್ಮ ಕರಾವಳಿಯ ಬ್ಯಾರಿಗಳೂ ಭಟ್ಕಳದ ನವಾಯತರೂ ಅನುಸರಿಸುವುದು ಅದೇ ಮದ್‌ಹಬನ್ನು. ಇಂದು ತಾಷ್ಕೆಂಟಿನ ಮುಸ್ಲಿಮರಲ್ಲಿ ಬಹುತೇಕರು ಹನಫಿಗಳು. ಆದರೂ ಈ ಶಾಫಿಈ ಇಮಾಮರ ಸಮಾಧಿಯನ್ನು ಅವರು ಗೌರವದಿಂದ ಕಾಪಾಡಿದ್ದಾರೆ. ಅದಿರುವ ಆವರಣಕ್ಕೆ ‘ಹಝ್ರತ್ ಇಮಾಮ್’ ಎಂದೇ ಹೆಸರು.

ಅದೇ ಆವರಣದ ಗ್ರಂಥಾಲಯದಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ ಪುರಾತನ ಮುಸ್‌ಹಫ್ ಒಂದಿತ್ತು. ಅದು ಹಝ್ರತ್ ಉಸ್ಮಾನ್(ರ)ರವರದ್ದೆಂದು ಜನರು ನಂಬಿದ್ದಾರೆ. ಲಿಪಿಯನ್ನು ಪರಿಶೀಲಿಸಿದ ಹಲವು ವಿದ್ವಾಂಸರು ಅದು ಸ್ವಲ್ಪ ನಂತರದ ಕಾಲದ್ದೆನ್ನುತ್ತಾರೆ. ರಷ್ಯನ್ನರು 1865ರಲ್ಲಿ ತಾಷ್ಕೆಂಟನ್ನು ಗೆದ್ದ ಬಳಿಕ, 1869ರಲ್ಲಿ ಈ ಮುಸ್‌ಹಫನ್ನು ಸಮರ್ಕಂದ್‌ನಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಸಾಗಿಸಿದರು. ಕ್ರಾಂತಿಯ ನಂತರ ಅದು ಮಧ್ಯ ಏಷ್ಯಾಕ್ಕೆ ಮರಳಿದರೂ ದಶಕಗಳ ಕಾಲ ವಸ್ತುಸಂಗ್ರಹಾಲಯದಲ್ಲೇ ಉಳಿಯಿತು. ಮುಸ್ಲಿಮರ ಕೈಗೆ ಬಂದದ್ದು 1989ರಲ್ಲಿ.

ಶಾಸ್ತ್ರಿಯವರ ನಿಧನದ ಮೂರು ತಿಂಗಳ ಬಳಿಕ, 1966ರ ಏಪ್ರಿಲ್ 26ರ ಮುಂಜಾನೆ, ಭೂಕಂಪವು ಹಳೆಯ ಮಣ್ಣಿನ ಮನೆಗಳನ್ನು ನೆಲಸಮ ಮಾಡಿತು. ಸುಮಾರು 3 ಲಕ್ಷ ಜನರು ನಿರಾಶ್ರಿತರಾದರು. ಸೋವಿಯತ್ ಆಡಳಿತವು ಅಗಲ ರಸ್ತೆಗಳೊಂದಿಗೆ ಹೊಸ ನಗರವನ್ನೇ ಕಟ್ಟಿತು. 1977ರಲ್ಲಿ ಮಧ್ಯ ಏಷ್ಯಾದ ಮೊದಲ ಮೆಟ್ರೊ ರೈಲು ಇಲ್ಲಿ ಓಡಿತು. ಅದರ ಕೆಲವು ನಿಲ್ದಾಣಗಳ ಗುಮ್ಮಟ ಮತ್ತು ಚಿತ್ತಾರಗಳನ್ನು ಜನರು ಇಂದಿಗೂ ನಿಂತು ನೋಡುತ್ತಾರೆ. 2011ರಿಂದ ವೇಗದ ರೈಲು ಸುಮಾರು ಎರಡು ಗಂಟೆಯಲ್ಲಿ ಸಮರ್ಕಂದ್ ತಲುಪಿಸುತ್ತಿದೆ.

ಇವೆಲ್ಲ ಅಲ್ಲಾಹನ ಅನುಗ್ರಹಗಳೇ. ಆದರೆ ಮೆಟ್ರೊ ಆರಂಭವಾದ ಆ ಕಾಲದಲ್ಲಿ ತಂದೆಯೊಬ್ಬ ತನ್ನ ಮಗುವಿಗೆ ಬಹಿರಂಗವಾಗಿ ಕುರ್‌ಆನ್ ಕಲಿಸುವಂತಿರಲಿಲ್ಲ. ಹೆಚ್ಚಿನ ಮಸೀದಿಗಳು ಮುಚ್ಚಿದ್ದವು. ಹಳೆಯ ಮದ್ರಸಗಳು ಬೇರೆ ಉಪಯೋಗಕ್ಕೆ ಹೋಗಿದ್ದವು. ಆಗ ಮನೆಯ ಕೋಣೆಗಳೇ ಮದ್ರಸಗಳಾದವು. ಅವುಗಳನ್ನು ‘ಹುಜ್ರಾ’ ಎನ್ನುತ್ತಿದ್ದರು. ‘ಓತಿನ್’ ಎಂದು ಕರೆಯಲಾಗುವ ಮಹಿಳೆಯರು ಹೆಣ್ಣುಮಕ್ಕಳಿಗೆ ಗುಟ್ಟಾಗಿ ಪಾಠ ಹೇಳಿದರು. 1991ರಲ್ಲಿ ದೇಶ ಸ್ವತಂತ್ರವಾದಾಗ ಮಸೀದಿಗಳ ಬಾಗಿಲು ತೆರೆಯಲು ಸರಕಾರದ ಅನುಮತಿ ಸಾಕಾಯಿತು. ಆದರೆ ಒಳಗೆ ಓದಲು ಬಲ್ಲವರು ಉಳಿದಿದ್ದುದು ಆ ಕೋಣೆಗಳಿಂದಾಗಿ.

ಸಹೋದರ ಸಹೋದರಿಯರೇ, ನಮ್ಮ ಮಸೀದಿಗಳಿಗೆ ಬೀಗವಿಲ್ಲ, ನಮ್ಮ ಮದ್ರಸಗಳಿಗೆ ತಡೆಯಿಲ್ಲ. ಎಸಿ, ಮಾರ್ಬಲ್, ಬಿಸಿನೀರಿನ ವುಝೂ ವ್ಯವಸ್ಥೆಗೆ ನಾವು ಉದಾರವಾಗಿ ಕೊಡುತ್ತೇವೆ. ಒಳ್ಳೆಯದೇ. ಆದರೆ ಟ್ಯೂಷನ್ ಇದೆಯೆಂದು ಮಗುವಿನ ಮದ್ರಸವನ್ನೇ ಮೊದಲು ಬಿಡಿಸುತ್ತೇವಲ್ಲ? ಅನುಮತಿಯಿಲ್ಲದ ಕಾಲದಲ್ಲಿ ತಾಷ್ಕೆಂಟಿನ ತಾಯಂದಿರು ಉಳಿಸಿಕೊಂಡದ್ದನ್ನು, ಎಲ್ಲ ಅನುಕೂಲವಿರುವಾಗ ನಾವು ಕಳೆದುಕೊಳ್ಳದಿರೋಣ. ಅಲ್ಲಾಹನು ಅನುಗ್ರಹಿಸಲಿ, ಆಮೀನ್.