ತಂತ್ರಾಂಶದ ಗೇಣಿಚೀಟಿ

ಕಂಪ್ಯೂಟರಿನ ಜೊತೆ ಸಾಫ್ಟ್‌ವೇರ್ ಸುಮ್ಮನೆ ಬರುತ್ತಿದ್ದ ಕಾಲ ಒಂದಿತ್ತು. ಕದ್ದದ್ದಲ್ಲ, ನ್ಯಾಯವಾಗಿಯೇ. 1960ರ ದಶಕದಲ್ಲಿ ಐಬಿಎಂನಿಂದ ಯಂತ್ರವೊಂದನ್ನು ತಿಂಗಳ ಬಾಡಿಗೆಗೆ ತಂದರೆ ಪ್ರೋಗ್ರಾಮುಗಳು, ತರಬೇತಿ, ಸಹಾಯಕ್ಕೆ ಬರುವ ಎಂಜಿನಿಯರುಗಳು ಎಲ್ಲವೂ ಆ ಬಾಡಿಗೆಯೊಳಗೇ ಸೇರಿರುತ್ತಿದ್ದವು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಬೆಲ್ಲಿಗೂ ಬ್ರೇಕಿಗೂ ಬೇರೆ ದುಡ್ಡು ಕೇಳುವವರುಂಟೆ? ಭಾವನೆ ಹಾಗಿತ್ತು. 1969ರ ಜೂನ್ 23ರಂದು ಐಬಿಎಂ ಆ ಕಟ್ಟನ್ನು ಬಿಚ್ಚಿತು. ಹದಿನೇಳು ಪ್ರೋಗ್ರಾಮುಗಳಿಗೆ ಪ್ರತ್ಯೇಕ ಬೆಲೆ ಬಂತು. ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆ ಮಾತ್ರ ಇನ್ನಷ್ಟು ಕಾಲ ಪುಕ್ಕಟೆಯಾಗಿಯೇ ಉಳಿಯಿತು.

ಐಬಿಎಂ ಸುಮ್ಮನೆ ಈ ತೀರ್ಮಾನಕ್ಕೆ ಬಂದಿರಲಿಲ್ಲ. ಅದೇ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಅದರ ಮೇಲೆ ಏಕಸ್ವಾಮ್ಯದ ದಾವೆ ಹೂಡಿತ್ತು. ಅಪ್ಲೈಡ್ ಡೇಟಾ ರಿಸರ್ಚ್ ಎಂಬ ಸಣ್ಣ ಕಂಪನಿಯೂ ಕೋರ್ಟಿಗೆ ಹೋಗಿತ್ತು. ಪ್ರೋಗ್ರಾಮಿನ ನಡೆಯನ್ನು ನಕ್ಷೆಯಾಗಿ ಬರೆದುಕೊಡುವ ‘ಆಟೋಫ್ಲೋ’ ಎಂಬ ಸಾಫ್ಟ್‌ವೇರನ್ನು ಅದು ದುಡ್ಡಿಗೆ ಮಾರುತ್ತಿತ್ತು. ಪಕ್ಕದ ದೊಡ್ಡ ಅಂಗಡಿಯವನು ಅಂಥದ್ದೇ ಸರಕನ್ನು ಪುಕ್ಕಟೆ ಹಂಚುತ್ತಿದ್ದರೆ ಇದನ್ನು ಕೊಳ್ಳುವವರು ಯಾರು? ಹಾಗಾಗಿ ಸಾಫ್ಟ್‌ವೇರಿಗೆ ಬೆಲೆ ಬಂದದ್ದರಲ್ಲಿ ದುರಾಸೆ ಎಷ್ಟಿತ್ತೋ ಅಷ್ಟೇ ನ್ಯಾಯವೂ ಇತ್ತು. ಇದನ್ನು ನಾನು ಮರೆಯದಿರಲು ಯತ್ನಿಸುತ್ತೇನೆ. ಏಕೆಂದರೆ ನನ್ನ ಕೆಲಸದಲ್ಲಿ ಆ ದುರಾಸೆಯ ಮುಖವೇ ಹೆಚ್ಚು ಕಾಣುತ್ತದೆ.

ಬೆಂಗಳೂರಿನ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ನಾನು ಲೈಸೆನ್ಸುಗಳ ಲೆಕ್ಕ ಇಡುತ್ತೇನೆ. ಯಾವ ಸಾಫ್ಟ್‌ವೇರ್, ಎಷ್ಟು ಮಂದಿಗೆ, ಯಾವ ಷರತ್ತಿನ ಮೇಲೆ, ಎಲ್ಲಿಯತನಕ: ಇಷ್ಟನ್ನು ಬರೆದಿಡುವುದು. ಹೇಳಿಕೊಂಡರೆ ಯಾರಿಗೂ ಕುತೂಹಲ ಹುಟ್ಟದ ಕೆಲಸ. ಆದರೆ ಷರತ್ತುಗಳು ಬದಲಾಗುತ್ತ ಬಂದ ಬಗೆಯಲ್ಲಿ ಒಂದು ಇತಿಹಾಸವಿದೆ, ನನಗೆ ಗೊತ್ತಿರುವ ಇತಿಹಾಸವೂ ಹೆಚ್ಚುಕಡಿಮೆ ಅದೊಂದೇ.

ಮೊದಲು ಕಾನೂನಿನ ಒಂದು ವಿಚಿತ್ರ. ಪ್ರೋಗ್ರಾಮು ಎಂಬುದು ಯಾವ ಜಾತಿಯ ವಸ್ತು ಎಂದು ಬಹುಕಾಲ ಯಾರಿಗೂ ಖಚಿತವಿರಲಿಲ್ಲ. ಅಮೆರಿಕ 1980ರಲ್ಲಿ ಅದನ್ನು ಕಾಪಿರೈಟ್ ಕಾಯ್ದೆಯೊಳಗೆ ಸ್ಪಷ್ಟವಾಗಿ ತಂದಿತು. ನಮ್ಮ ದೇಶ 1984ರ ತಿದ್ದುಪಡಿಯಲ್ಲಿ ಅದನ್ನು ‘ಸಾಹಿತ್ಯ ಕೃತಿ’ ಎಂಬ ಪದದ ವ್ಯಾಖ್ಯೆಯೊಳಗೆ ಸೇರಿಸಿತು. ಅಂದರೆ ಕಾಯ್ದೆಯ ಕಣ್ಣಿಗೆ ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಮೂ ಕುವೆಂಪು ಅವರ ಕಾದಂಬರಿಯೂ ಒಂದೇ ಕಪಾಟಿನವು. ಸಾಹಿತ್ಯ ಪತ್ರಿಕೆಯಲ್ಲಿ ಈ ಲೇಖನ ಬರೆಯಲು ನನಗಿರುವ ಅರ್ಹತೆಯೂ ಇಷ್ಟೇ ಅನ್ನಿ. ಆದರೆ ಕಾದಂಬರಿ ಕೊಂಡವರು ಅದನ್ನು ನೆರೆಮನೆಗೆ ಕೊಡಬಹುದು, ಹಳೇ ಪುಸ್ತಕದ ಅಂಗಡಿಗೆ ಹಾಕಬಹುದು. ಸಾಫ್ಟ್‌ವೇರಿನಲ್ಲಿ ಕೊಂಡದ್ದು ಕೃತಿಯನ್ನಲ್ಲ, ಬಳಸುವ ಅನುಮತಿಯನ್ನು. ಆ ಅನುಮತಿಯ ಪತ್ರವೇ ಲೈಸೆನ್ಸ್.

ದಕ್ಷಿಣ ಕನ್ನಡದ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿ ಭೂಮಿಗೆ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯಲ್ಲಿ ಗೇಣಿಯ ಮೊತ್ತ ಒಮ್ಮೆ ನಿಗದಿಯಾದರೆ ತಲೆತಲಾಂತರಕ್ಕೂ ಅಷ್ಟೇ. ಚಾಲಗೇಣಿ ವರ್ಷದಿಂದ ವರ್ಷಕ್ಕೆ. ಒಡೆಯನಿಗೆ ಮನಸ್ಸು ಬಂದರೆ ಏರಿಸಬಹುದು, ಬೇಡವಾದರೆ ಬಿಡಿಸಬಹುದು. ನಮ್ಮ ಅಜ್ಜನ ಮನೆಯವರು ಚಾಲಗೇಣಿ ಒಕ್ಕಲು. ಗೇಣಿಯ ಅಕ್ಕಿ ಅಳೆಯುವ ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲವಂತೆ. ಒಡೆಯರ ಕಳಸಿಗೆಯೂ ಮನೆಯ ಕಳಸಿಗೆಯೂ ಒಂದೇ ಅಳತೆಯವಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತು.

ಪೆಟ್ಟಿಗೆಯಲ್ಲಿ ಡಿಸ್ಕ್ ಬರುತ್ತಿದ್ದ ಕಾಲದ ಲೈಸೆನ್ಸ್ ಮೂಲಗೇಣಿ. ಒಮ್ಮೆ ಹಣ ಕಟ್ಟಿದರೆ ಆ ಆವೃತ್ತಿ ಸದಾಕಾಲಕ್ಕೂ ನಿಮ್ಮದು. ಇಂದಿನ ಚಂದಾ ಪದ್ಧತಿ ಚಾಲಗೇಣಿ. 2013ರ ಮೇ ತಿಂಗಳಲ್ಲಿ ಅಡೋಬಿ ಇನ್ನು ಮುಂದೆ ಹೊಸ ಆವೃತ್ತಿಗಳು ಚಂದಾಕ್ಕೆ ಮಾತ್ರ ಎಂದಾಗ ವಿನ್ಯಾಸಕಾರರು ಗದ್ದಲ ಎಬ್ಬಿಸಿದರು, ಆಮೇಲೆ ಚಂದಾ ಕಟ್ಟಿದರು. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪನಿಯನ್ನು ಬ್ರಾಡ್‌ಕಾಮ್ ಕೊಂಡಿತು. ಮರುತಿಂಗಳೇ ಸದಾಕಾಲದ ಲೈಸೆನ್ಸ್ ಮಾರಾಟ ನಿಂತಿತು. ಹಳೆಯದು ಇದ್ದವರು ಬಳಸುತ್ತಲೇ ಇರಬಹುದಿತ್ತು. ಆದರೆ ಅದಕ್ಕೆ ನೆರವಿನ ಒಪ್ಪಂದವನ್ನು ನವೀಕರಿಸುವ ಹಾಗಿರಲಿಲ್ಲ. ಗದ್ದೆ ನಿಮ್ಮದೇ, ನೀರಿನ ತೋಡು ಮಾತ್ರ ಅವರದು.

ಗೇಣಿಯ ಬಗೆಗಿಂತ ನನ್ನ ನಿದ್ದೆ ಕೆಡಿಸಿದ್ದು ಅಳತೆಯ ಪಾತ್ರೆ. ಏನನ್ನು ಎಣಿಸಬೇಕು? ಮೊದಲು ಯಂತ್ರವನ್ನು ಎಣಿಸುತ್ತಿದ್ದರು, ಸರಳ. ಆಮೇಲೆ ಯಂತ್ರದೊಳಗಿನ ಪ್ರೊಸೆಸರನ್ನು. 2005ರ ಸುಮಾರಿಗೆ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಬಂದವು, ಮುಂದೆ ನಾಲ್ಕು, ಎಂಟು. ಇದು ಒಂದೋ ಎರಡೋ? ಒರಾಕಲ್ ಕೋರ್‌ಗಳನ್ನು ಎಣಿಸಿ ಚಿಪ್ಪಿನ ಜಾತಿಗೊಂದು ಭಿನ್ನರಾಶಿಯಿಂದ ಗುಣಿಸಿತು. ಮೈಕ್ರೋಸಾಫ್ಟ್ ಬಹಳ ದಿನ ಚಿಪ್ಪನ್ನೇ ಎಣಿಸಿ, 2012ರ ಎಸ್‌ಕ್ಯೂಎಲ್ ಸರ್ವರ್ ಹೊತ್ತಿಗೆ ಕೋರ್‌ಗೆ ಬಂತು. ಅಷ್ಟರಲ್ಲಿ ಒಂದೇ ಯಂತ್ರದೊಳಗೆ ಹತ್ತು ತೋರಿಕೆಯ ಯಂತ್ರಗಳನ್ನು ಓಡಿಸುವುದು ರೂಢಿಯಾಗಿತ್ತು. ಹತ್ತರಲ್ಲಿ ಒಂದರೊಳಗೆ ಮಾತ್ರ ಡೇಟಾಬೇಸ್ ಇದ್ದರೆ ಹಣ ಎಷ್ಟಕ್ಕೆ?

ಈ ಪ್ರಶ್ನೆ ನಮ್ಮ ಕಚೇರಿಗೂ ಬಂತು. ಹೆಸರು ಹೇಳುವುದಿಲ್ಲ, ಒಂದು ಕಂಪನಿಯಿಂದ ತಪಾಸಣೆಯ ಪತ್ರ. ಬಂದವರು ತೋರಿಕೆಯ ಯಂತ್ರವನ್ನಲ್ಲ, ಅದು ಓಡಬಹುದಾದ ಎಲ್ಲ ಯಂತ್ರಗಳ ಎಲ್ಲ ಕೋರ್‌ಗಳನ್ನೂ ಎಣಿಸಿದರು. ಒಪ್ಪಂದದಲ್ಲಿ ಅಳತೆಯ ನಿಯಮ ಬರೆದೇ ಇರಲಿಲ್ಲ. ‘ನಮ್ಮ ಜಾಲತಾಣದಲ್ಲಿರುವ ನೀತಿಯಂತೆ’ ಎಂದಷ್ಟೇ ಇತ್ತು, ಆ ನೀತಿ ನಡುವೆ ಬದಲಾಗಿತ್ತು. ಸಹಿ ಮಾಡಿದ ವಾರ ಅದನ್ನು ಮುದ್ರಿಸಿ ಕಡತಕ್ಕೆ ಹಾಕಿದ್ದೆ. ತೆಗೆದು ಮೇಜಿನ ಮೇಲಿಟ್ಟೆ.

“ಇದು ಹಳೇದು ಮೇಡಂ,” ಎಂದರು.

“ನಾವು ಸಹಿ ಹಾಕಿದ್ದೂ ಹಳೇದಕ್ಕೇ ಅಲ್ವಾ ಸರ್?”

ಮೂರು ತಿಂಗಳ ಪತ್ರವ್ಯವಹಾರದ ನಂತರ ಕೇಳಿದ ಮೊತ್ತ ಮೂರನೇ ಒಂದು ಭಾಗಕ್ಕೆ ಇಳಿಯಿತು. ಆ ಮೂರನೇ ಒಂದು ಭಾಗದಲ್ಲಿ ಇಬ್ಬರು ಹುಡುಗರ ವರ್ಷದ ಸಂಬಳವಿತ್ತು. ಆ ವರ್ಷ ನಾವು ಆ ಇಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ.

ಯಂತ್ರದಿಂದ ಎಣಿಕೆ ಮನುಷ್ಯನಿಗೆ ಬಂದದ್ದು ಇನ್ನೂ ರೋಚಕ. ಮದ್ಯ ತಯಾರಿಸುವ ಡಿಯಾಜಿಯೊ (ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಈಗ ಇವರದೇ) ಸ್ಯಾಪ್ ಎಂಬ ಜರ್ಮನಿಯ ಸಾಫ್ಟ್‌ವೇರ್ ಬಳಸುತ್ತಿತ್ತು, ಹೆಸರು ನಮೂದಿಸಿದ ಬಳಕೆದಾರರಿಗೆ ಇಷ್ಟು ಎಂದು ಹಣ ಕಟ್ಟುತ್ತಿತ್ತು. ನಂತರ ಸೇಲ್ಸ್‌ಫೋರ್ಸ್ ಎಂಬ ಬೇರೊಂದು ವ್ಯವಸ್ಥೆಯಲ್ಲಿ ಗಿರಾಕಿಗಳು ತಾವೇ ಆರ್ಡರ್ ಹಾಕುವ ಅನುಕೂಲ ಮಾಡಿತು. ಆ ಆರ್ಡರ್ ಹಿಂಬಾಗಿಲಿನಿಂದ ಸ್ಯಾಪ್‌ಗೆ ತಲುಪುತ್ತಿತ್ತು. ಹಾಗಾದರೆ ಆ ಗಿರಾಕಿಗಳೆಲ್ಲ ಸ್ಯಾಪ್ ಬಳಕೆದಾರರೇ ಎಂದು ಸ್ಯಾಪ್ 5.4 ಕೋಟಿ ಪೌಂಡಿಗೂ ಹೆಚ್ಚು ಕೇಳಿತು. 2017ರ ಫೆಬ್ರುವರಿಯಲ್ಲಿ ಲಂಡನ್ನಿನ ಹೈಕೋರ್ಟು, ಮೊತ್ತ ತೀರ್ಮಾನಿಸದಿದ್ದರೂ, ಹೌದು, ಪರೋಕ್ಷವಾಗಿ ತಾಗಿದವರೂ ಬಳಕೆದಾರರೇ ಎಂದಿತು. ಆ ತೀರ್ಪು ಬಂದ ವಾರ ನನ್ನಂಥ ಕೆಲಸದವರೆಲ್ಲ ತಂತಮ್ಮ ಕಚೇರಿಯ ವೈರುಗಳ ನಕ್ಷೆ ತೆಗೆದು ಕೂತೆವು. ಮರುವರ್ಷ ಸ್ಯಾಪ್ ತಾನೇ ಇನ್ನೊಂದು ಪಾತ್ರೆ ತಂದಿತು: ಮನುಷ್ಯರ ಬದಲು ಅಲ್ಲಿ ಹುಟ್ಟುವ ದಾಖಲೆಗಳನ್ನು ಎಣಿಸುವುದು.

ಜಾವಾದ್ದು ಇನ್ನೂ ಒಂದು ಹೆಜ್ಜೆ ಮುಂದೆ. 1995ರಿಂದ ಲೋಕವೆಲ್ಲ ಪುಕ್ಕಟೆ ಇಳಿಸಿಕೊಂಡ ಭಾಷೆ. ಅದನ್ನು ಹುಟ್ಟಿಸಿದ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡಿತು. 2019ರ ಜನವರಿಯ ನಂತರ ವ್ಯಾಪಾರಿ ಬಳಕೆಗೆ ಜಾವಾ 8ರ ಪರಿಷ್ಕರಣೆಗಳಿಗೆ ಹಣ ಬೇಕಾಯಿತು. 2023ರ ಜನವರಿಯಲ್ಲಿ ಎಣಿಕೆಯೇ ಬದಲಾಯಿತು. ಜಾವಾ ಬಳಸುವವರನ್ನಲ್ಲ, ಕಂಪನಿಯ ಎಲ್ಲ ನೌಕರರನ್ನೂ ಎಣಿಸಬೇಕು. ಅರೆಕಾಲಿಕರು, ತಾತ್ಕಾಲಿಕರು, ಕಂಪನಿಯ ಒಳಗೆಲಸಕ್ಕೆ ನೆರವಾಗುವ ಗುತ್ತಿಗೆದಾರರ ನೌಕರರು, ಎಲ್ಲ. ಸಣ್ಣ ಕಂಪನಿಗೆ ಪಟ್ಟಿಯ ದರ ತಲೆಗೆ ತಿಂಗಳಿಗೆ 15 ಡಾಲರ್. ಕೀಲಿಮಣೆ ಮುಟ್ಟದ ನಮ್ಮ ಡ್ರೈವರೂ ಲೆಕ್ಕಕ್ಕೆ ಬಂದರು. ಹಿಂದಿನವರು ಇದಕ್ಕೆ ತಲೆಗಂದಾಯ ಎನ್ನುತ್ತಿದ್ದರು. ನಾವು ಪುಕ್ಕಟೆಯ ಓಪನ್‌ಜೆಡಿಕೆಗೆ ಹೋದೆವು. ಅದೂ ಅದೇ ಭಾಷೆ, ನಮ್ಮಲ್ಲಿ ಯಾವ ಪ್ರೋಗ್ರಾಮೂ ನಿಲ್ಲಲಿಲ್ಲ.

ಇಷ್ಟೆಲ್ಲ ದೊಡ್ಡವರ ಜಗಳ ಎನಿಸಬಹುದು. ಟ್ಯಾಲಿಯನ್ನು ನೋಡಿ. ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯವಹಾರಕ್ಕೆ ಒಗ್ಗುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಅವರಿಂದ ಬರೆಸಿದ್ದು. 1986ರಷ್ಟು ಹಳೆಯದು, ಬೆಂಗಳೂರಿನದು. ಒಂದು ಯಂತ್ರಕ್ಕೆ ಸಿಲ್ವರ್, ಹಲವಕ್ಕೆ ಗೋಲ್ಡ್, ಲೈಸೆನ್ಸ್ ಸದಾಕಾಲಕ್ಕೆ. ಹೊಸ ಆವೃತ್ತಿ ಬೇಕಿದ್ದರೆ ವರ್ಷಕ್ಕೊಮ್ಮೆ ಬೇರೆ ಚಂದಾ. ಕಟ್ಟದಿದ್ದರೂ ಹಳೆಯದು ಓಡುತ್ತದೆ. ಆದರೆ 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2023ರ ಏಪ್ರಿಲ್ 1ರಿಂದ, ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು, ಆ ದಾಖಲೆಯನ್ನು ಆರಿಸಲು ಬರಬಾರದು ಎಂಬ ನಿಯಮ ಬಂತು. ಹಳೆಯ ಆವೃತ್ತಿ ಕಾಯ್ದೆಯ ಮುಂದೆ ಕೆಲಸಕ್ಕೆ ಬಾರದ್ದಾಯಿತು. ಇಲ್ಲಿ ಮಾರಿದವರ ತಪ್ಪು ನನಗೆ ಕಾಣುವುದಿಲ್ಲ. ಕಾಯ್ದೆ ಪ್ರತಿವರ್ಷ ಬದಲಾಗುವ ನಾಡಿನಲ್ಲಿ ಲೆಕ್ಕದ ಸಾಫ್ಟ್‌ವೇರಿನ ಮೂಲಗೇಣಿ ಕಾಗದದ ಮೇಲಷ್ಟೇ ಉಳಿಯುತ್ತದೆ.

ಇಷ್ಟಕ್ಕೂ ಕೊಂಡದ್ದು ಏನು? ಕನ್ನಡ ನಾಡಿನಲ್ಲೇ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. ವಿದೇಶದಿಂದ ಸಾಫ್ಟ್‌ವೇರ್ ತರಿಸಿ ಕಟ್ಟುವ ಹಣ ಕಾಪಿರೈಟಿಗೆ ಕೊಡುವ ಗೌರವಧನ, ಅಂದರೆ ರಾಯಲ್ಟಿ, ಆದ್ದರಿಂದ ಕೊಳ್ಳುವವರು ತೆರಿಗೆ ಹಿಡಿಯಬೇಕು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹತ್ತು ವರ್ಷ ಎಷ್ಟೋ ಕಂಪನಿಗಳು ಈ ತೂಗುಗತ್ತಿಯ ಕೆಳಗೆ ಕೂತಿದ್ದವು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ನಾರಿಮನ್ ಬರೆದ ತೀರ್ಪು ಅದನ್ನು ತಳ್ಳಿಹಾಕಿತು. ಬಳಕೆದಾರನಿಗೆ ಸಿಗುವುದು ಕಾಪಿರೈಟ್ ಅಲ್ಲ, ಕಾಪಿರೈಟ್ ಇರುವ ಒಂದು ಪ್ರತಿ ಮಾತ್ರ, ಹಾಗಾಗಿ ಅದು ರಾಯಲ್ಟಿಯಲ್ಲ. ಪುಸ್ತಕದಂಗಡಿಯ ಹುಡುಗನಿಗೂ ಗೊತ್ತಿರುವ ಈ ವ್ಯತ್ಯಾಸ ಇತ್ಯರ್ಥವಾಗಲು ಒಂದು ದಶಕ ಹಿಡಿಯಿತು.

ಮುಕ್ತ ಸಾಫ್ಟ್‌ವೇರಿನವರಾದರೂ ನೆಮ್ಮದಿಯಾಗಿದ್ದಾರೆಯೇ ಎಂದು ಗೆಳೆಯರು ಕೇಳುತ್ತಾರೆ. 1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದ ಜಿಪಿಎಲ್ ಲೈಸೆನ್ಸಿನ ಸೊಗಸು ಎಂದರೆ, ಒಮ್ಮೆ ಕೊಟ್ಟ ಪ್ರತಿಯ ಹಕ್ಕನ್ನು ನಿಯಮ ಪಾಲಿಸುವವರಿಂದ ಹಿಂದಕ್ಕೆ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಮುಂದಿನ ಆವೃತ್ತಿಗೆ ಬೇರೆ ಷರತ್ತು ಹಾಕುವುದನ್ನು, ಕಾಪಿರೈಟ್ ಪೂರ್ತಿ ಕೈಯಲ್ಲಿರುವ ಕಂಪನಿಯಾದರೆ, ಅದೂ ತಡೆಯದು. 2018ರಲ್ಲಿ ಮೊಂಗೋಡಿಬಿ, 2021ರಲ್ಲಿ ಎಲಾಸ್ಟಿಕ್, 2023ರಲ್ಲಿ ಹ್ಯಾಶಿಕಾರ್ಪ್, ತಾವು ಕಟ್ಟಿದ್ದನ್ನು ದೊಡ್ಡ ಮೋಡದ ಕಂಪನಿಗಳು ಬಾಡಿಗೆಗೆ ಕೊಟ್ಟು ಲಾಭ ಮಾಡುತ್ತವೆ ಎಂಬ ಸಿಟ್ಟಿನಿಂದ ಬಾಗಿಲು ಕಿರಿದು ಮಾಡಿದವು. ಆ ಸಿಟ್ಟು ನ್ಯಾಯದ್ದೇ. ಬಾಗಿಲು ತಾಗಿದ್ದು ಮಾತ್ರ ನಮ್ಮಂಥವರ ಹಣೆಗೂ. 2024ರ ಮಾರ್ಚ್‌ನಲ್ಲಿ ರೆಡಿಸ್ ಹಾಗೆ ಮಾಡಿದಾಗ ಕೆಲವೇ ದಿನಗಳಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಸರೆಯಲ್ಲಿ ‘ವಾಲ್ಕಿ’ ಎಂಬ ಕವಲು ಒಡೆಯಿತು. 2025ರ ಮೇ ತಿಂಗಳಲ್ಲಿ ರೆಡಿಸ್ ಮತ್ತೆ ಒಂದು ಮುಕ್ತ ಲೈಸೆನ್ಸನ್ನು ಸೇರಿಸಿತು. ನನ್ನ ಲೆಕ್ಕದಲ್ಲಿ ಆ ಒಂದು ಹೆಸರಿನ ಮುಂದೆ ಹದಿನಾಲ್ಕು ತಿಂಗಳಲ್ಲಿ ಮೂರು ಸಾಲು. ನಮ್ಮ ಹುಡುಗರು ಅಷ್ಟರಲ್ಲಿ ವಾಲ್ಕಿಗೆ ಹೋಗಿಯಾಗಿತ್ತು. ವಾಪಸ್ ಬರುವ ಮಾತನ್ನು ಯಾರೂ ಎತ್ತಲಿಲ್ಲ.